ಏನಂತ ಬೈತೀರಾ?

ಮೊನ್ನೆ ಭಾನುವಾರ ಮನೆಯಲ್ಲಿ ಸಾಕುವವರಿಲ್ಲದ ಮಕ್ಕಳನ್ನು ಇಟ್ಟುಕೊಳ್ಳುವ ನಮ್ಮೂರ ಬಾಲಮಂದಿರಕ್ಕೆ ಒಂದು ಕುಟುಂಬ ಬಂದಿತ್ತು. ಮಗನ ಹುಟ್ಟುಹಬ್ಬ. ಕೇಕು, ಹೋಳಿಗೆ ಊಟ, ಮಕ್ಕಳಿಗೆಲ್ಲ ಒಂದೊಂದು ಜಾಮೆಟ್ರಿ ಬಾಕ್ಸ್. ಗಣಿತ ಹೇಳಿಕೊಡಲು ಹೋದ ನಾನು ಪಾಠ ಬಿಟ್ಟು ಬಡಿಸಲು ನಿಂತೆ.

ಹುಟ್ಟುಹಬ್ಬದ ಹುಡುಗ ಪಲ್ಯ ಮುಟ್ಟಿರಲಿಲ್ಲ. ಅವನಮ್ಮ ಕಣ್ಣಲ್ಲೇ ಗದರಿಸಿದರು. ಎದುರು ಸಾಲಿನಲ್ಲಿದ್ದ ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಊಟ ಬಿಟ್ಟು ಅದನ್ನೇ ನೋಡುತ್ತಿದ್ದ. ಅವನ ಹೆಸರು ಇಲ್ಲಿ ಬರೆಯುವುದಿಲ್ಲ. ಈ ಮಕ್ಕಳ ಗುರುತು ಹೊರಗೆ ಹಾಕಲು ಕಾನೂನೂ ಬಿಡುವುದಿಲ್ಲ.

“ಆಂಟಿ, ಊಟ ಮಾಡದಿದ್ರೆ ಇವನಿಗೆ ಮನೇಲಿ ಬೈತೀರಾ?”

“ಹೂಂ ಮತ್ತೆ, ಬೈದೇ ಬೈತೀನಿ.”

“ಏನಂತ ಬೈತೀರಾ?”

ಆಕೆ ಒಂದು ಕ್ಷಣ ಸುಮ್ಮನಾದರು. ಆಮೇಲೆ ಅವನ ಎದುರೇ ಕೂತು ಹೇಳಿದರು. “ಲೋ ಕತ್ತೆ, ಬೇಗ ತಿನ್ನೋ, ನಿನ್ನ ಹಿಂದೆ ಎಷ್ಟು ಹೊತ್ತು ಕೂರ್ಲಿ ಅಂತ ಬೈತೀನಪ್ಪ.”

“ಆಮೇಲೆ?” ಎಂದ ಹುಡುಗ. ಕಥೆ ಕೇಳುವಾಗ ಕೇಳ್ತಾರಲ್ಲ, ಹಾಗೆ.

ವಾರ ಪೂರ್ತಿ ಇದೇ ಕಿವಿಯಲ್ಲಿದೆ. ಏನಂತ ಬೈತೀರಾ? ಆಮೇಲೆ?

ಬಾಲಮಂದಿರದಲ್ಲಿ ಬೈಯುವವರೇ ಇಲ್ಲ ಎಂದಲ್ಲ. ಗೃಹಮಾತೆ ಬೈಯುತ್ತಾರೆ. ಒಳ್ಳೆಯ ಹೆಂಗಸು, ಜ್ವರ ಬಂದ ಮಗುವಿನ ಪಕ್ಕ ರಾತ್ರಿಯಿಡೀ ಕೂತಿದ್ದನ್ನು ನಾನೇ ಕಂಡಿದ್ದೇನೆ. ಆದರೆ ಅಷ್ಟು ಮಕ್ಕಳನ್ನು ಸಂಭಾಳಿಸುವವರ ಬೈಗುಳ “ಏಯ್, ಎಲ್ರೂ ಸುಮ್ನಿರಿ” ಎಂದೇ ಇರುತ್ತದೆ. ಎಲ್ಲರಿಗೂ ಒಂದೇ ಹೊತ್ತಿಗೆ ಊಟ, ಒಂದೇ ಹೊತ್ತಿಗೆ ನಿದ್ದೆ, ಬೈಗುಳವೂ ಎಲ್ಲರಿಗೂ ಸೇರಿ ಒಂದೇ. ಇವನೊಬ್ಬ ಪಲ್ಯ ತಿನ್ನಲಿಲ್ಲ ಎಂದು ಇವನ ಹಿಂದೆಯೇ ಕೂರುವವರು ಯಾರು? ಹೋಳಿಗೆಗಿಂತ ಅವನಿಗೆ ಬೇಕಾಗಿದ್ದು ಅದು.

ಹುಟ್ಟುಹಬ್ಬದ ಹುಡುಗನ ಅಪ್ಪನ ಮೇಲೆ ಮಾತ್ರ ನನಗೆ ಇನ್ನೂ ಸಿಟ್ಟಿದೆ. ಮಕ್ಕಳ ಜತೆ ಫೋಟೊ ತೆಗೆಯಬಾರದು ಎಂದು ಅಧೀಕ್ಷಕಿ ಹೇಳಿದ್ದಕ್ಕೆ ಮುಖ ಗಂಟು ಹಾಕಿಕೊಂಡರು. “ಇಷ್ಟು ಖರ್ಚು ಮಾಡಿದ್ದೀವಿ ಮೇಡಂ” ಎಂದರು. ಯಾರ ಸಲುವಾಗಿ ಖರ್ಚು ಮಾಡಿದ್ದು ಸ್ವಾಮಿ?

ಪ್ರಶ್ನೆ ಕೇಳಿದ ಹುಡುಗನಿಗೆ ಅಮ್ಮ ಇದ್ದಾಳೆ. ಬೆಂಗಳೂರಿನ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ, ಜತೆ ಕೆಲಸದವರ ಜೊತೆ ಒಂದೇ ರೂಮು. ಗಂಡ ಬಿಟ್ಟು ಹೋಗಿದ್ದಾನೆ. ಊರಲ್ಲಿ ಅಜ್ಜಿ ಇದ್ದಾಳೆ, ಮೊಮ್ಮಗ ಅಂದ್ರೆ ಪ್ರಾಣ, ಆದರೆ ಸಾಕಲು ಕೈಯಲ್ಲಿ ಕಾಸಿಲ್ಲ. ಬಾಲಮಂದಿರದಲ್ಲಿರುವವರೆಲ್ಲ ತಬ್ಬಲಿಗಳು ಎಂದುಕೊಳ್ಳುವವರೇ ಜಾಸ್ತಿ. ಅಮ್ಮ, ಅಪ್ಪ, ಅಜ್ಜಿ, ಯಾರೋ ಒಬ್ಬರು ಇರುವ ಮಕ್ಕಳು ಅಲ್ಲಿ ಎಷ್ಟೋ ಜನ ಇದ್ದಾರೆ. ಬಡತನ ಅವರನ್ನು ಅಲ್ಲಿಗೆ ತಂದು ಬಿಟ್ಟಿದೆ.

2015ರ ಬಾಲನ್ಯಾಯ ಕಾಯ್ದೆ ನೋಡಿದರೆ, ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ ಆಗಬೇಕು. ಅದಕ್ಕೆಂದೇ ಪ್ರಾಯೋಜಕತ್ವ ಯೋಜನೆ ಇದೆ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯದಡಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಬರುತ್ತದೆ, ಮಗು ಮನೆಯಲ್ಲೇ ಬೆಳೆಯಬಹುದು. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ಬೇರೆ ಕಡೆ 96,000 ರೂಪಾಯಿ ದಾಟಬಾರದು. ದೊಡ್ಡ ಮೊತ್ತವೇನಲ್ಲ. ಆದರೆ ಅಜ್ಜಿ ಮನೆಯಲ್ಲಿ ಒಂದು ಮಗು ಉಣ್ಣಲು, ಶಾಲೆಗೆ ಹೋಗಲು ಅದು ದೊಡ್ಡ ಆಸರೆ ಅಲ್ವಾ?

ಯಾರೂ ಇಲ್ಲದ ಮಕ್ಕಳ ಪಾಡು ಬೇರೆ. ದತ್ತು ಕೇಳುವವರಲ್ಲಿ ಹೆಚ್ಚಿನವರಿಗೆ ಕೈಗೂಸೇ ಬೇಕು. ಹತ್ತು ವರ್ಷ ದಾಟಿದ ಮಗುವನ್ನು ಕೇಳುವವರು ಕಡಿಮೆ. ಹದಿನೆಂಟು ತುಂಬಿದರೆ ಬಾಲಮಂದಿರವನ್ನೂ ಬಿಡಬೇಕು. ಇಂಥ ಮಕ್ಕಳನ್ನು ದತ್ತು ಪಡೆಯದೆಯೂ ಮನೆಗೆ ಕರೆತಂದು ಸಾಕಲು ದಾರಿ ಇದೆ, ಪೋಷಕತ್ವ ಎನ್ನುತ್ತಾರೆ. 2024ರ ಹೊಸ ಮಾರ್ಗಸೂಚಿ ಬಂದ ಮೇಲೆ ಮದುವೆಯಾಗದವರು, ಗಂಡ ತೀರಿಕೊಂಡವರು, ವಿಚ್ಛೇದನ ಆದವರು ಕೂಡ 35ರಿಂದ 60ರ ಒಳಗಿದ್ದರೆ ಅರ್ಜಿ ಹಾಕಬಹುದು. ಒಂಟಿ ಗಂಡಸಿಗಾದರೆ ಗಂಡುಮಗುವನ್ನು ಮಾತ್ರ ಕೊಡುತ್ತಾರೆ. ಎರಡು ವರ್ಷ ಸಾಕಿದ ಮೇಲೆ, ಕಾನೂನಿನ ತೊಡಕಿಲ್ಲದಿದ್ದರೆ, ದತ್ತು ಕೇಳಲೂಬಹುದು. ನನ್ನ ಪರಿಚಯದ ಎಷ್ಟು ಜನಕ್ಕೆ ಇದು ಗೊತ್ತು? ಈ ವಾರ ಸಿಕ್ಕವರನ್ನೆಲ್ಲ ಕೇಳಿದೆ. ಒಬ್ಬರಿಗೂ ಗೊತ್ತಿಲ್ಲ. ಕೇಕ್ ಕತ್ತರಿಸಲು ಬಾಲಮಂದಿರಕ್ಕೆ ಹೋಗಬಹುದು ಎಂಬುದು ಮಾತ್ರ ಎಲ್ಲರಿಗೂ ಗೊತ್ತು. ಹೋಗಬೇಡಿ ಎನ್ನುತ್ತಿಲ್ಲ. ಹೋದಾಗ ಈ ಕೆಲಸಗಳನ್ನೆಲ್ಲ ನೋಡಿಕೊಳ್ಳುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಎಲ್ಲಿದೆ ಎಂದೂ ಕೇಳಿಕೊಂಡು ಬನ್ನಿ.

ಬುಧವಾರ ಅಧೀಕ್ಷಕಿಯ ಹತ್ತಿರ ಹುಡುಗನ ವಿಷಯ ಎತ್ತಿದೆ. ಅವರಿಗೂ ಅವನನ್ನು ಅಜ್ಜಿ ಮನೆಗೆ ಕಳಿಸುವ ಮನಸ್ಸಿದೆ. ಮಗು ಎಲ್ಲಿರಬೇಕು ಎಂದು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿ ಒಪ್ಪಬೇಕು, ಮನೆಗೆ ಬಂದು ನೋಡಿ ವರದಿ ಕೊಡಬೇಕು, ಅದಕ್ಕೂ ಮೊದಲು ಆದಾಯ ಪ್ರಮಾಣಪತ್ರ ಬೇಕು. ಅದಕ್ಕೆ ಅಮ್ಮ ಊರಿನ ನಾಡಕಚೇರಿಗೆ ಬರಬೇಕು. ರಜೆ ಹಾಕಿದರೆ ಆ ದಿನದ ಸಂಬಳ ಇಲ್ಲ, ಹಾಗಾಗಿ ಮುಂದಕ್ಕೆ ಹಾಕುತ್ತಲೇ ಇದ್ದಾಳೆ. ಆ ದಿನದ ಸಂಬಳ, ಬಸ್ ಚಾರ್ಜು ನಾನು ಕೊಡುತ್ತೇನೆ, ಫೋನ್ ಮಾಡಿ ಬರಲು ಹೇಳಿ ಎಂದಿದ್ದೇನೆ.