ಅಪ್ಪನ ನೀರಿನ ಲೆಕ್ಕ ಮತ್ತು ಪರದೆಯ ಚುಕ್ಕೆಗಳು

ನಮ್ಮ ತಂದೆಯವರು ಮಂಡ್ಯ ತಾಲ್ಲೂಕಿನಲ್ಲಿ ವಿಶ್ವೇಶ್ವರಯ್ಯ ನಾಲೆಯನ್ನು ನಂಬಿ ಬೇಸಾಯ ಮಾಡಿದವರು. ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು ದಿನವೂ ಪತ್ರಿಕೆಯಲ್ಲಿ ನೋಡಿ, ನಾಲೆಗೆ ನೀರು ಬಿಟ್ಟ ದಿನ, ನಾಟಿ ಹಾಕಿದ ದಿನ, ನಮ್ಮ ಗದ್ದೆಯ ಸರದಿ ಬಂದ ದಿನ ಇವೆಲ್ಲವುಗಳ ಜೊತೆಗೆ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಅವರು ತೀರಿಕೊಂಡ ಮೇಲೆ, ಬಂಧುಗಳಿಗೆ ಹಂಚಲೆಂದು ಅದನ್ನು ನಾನೇ ವರ್ಡ್‌ನಲ್ಲಿ ಟೈಪು ಮಾಡಿ, ಪೆನ್‌ಡ್ರೈವ್‌ನಲ್ಲಿ ಮಂಡ್ಯದ ಮುದ್ರಣಾಲಯವೊಂದಕ್ಕೆ ಕೊಂಡೊಯ್ದೆ.

ಮನೆಯ ಪರದೆಯ ಮೇಲೆ ಅಚ್ಚುಕಟ್ಟಾಗಿದ್ದ ಪುಟಗಳು ಅಲ್ಲಿ ತೆರೆದೊಡನೆ ಚದುರಿಹೋದವು. ತಾರೀಖು ಒಂದು ಕಡೆ, ಮಟ್ಟ ಇನ್ನೊಂದು ಕಡೆ; ಹೊಸ ವರ್ಷದ ಶೀರ್ಷಿಕೆ ಪುಟದ ನಡುವೆ. ನಾನು ಬಳಸಿದ್ದ ಅಕ್ಷರಶೈಲಿ ಅವರ ಕಂಪ್ಯೂಟರಿನಲ್ಲಿ ಇರಲಿಲ್ಲವಾದ್ದರಿಂದ ಬೇರೊಂದು ಶೈಲಿ ಬಂದು ಅಕ್ಷರಗಳ ಅಗಲ ಬದಲಾಗಿತ್ತು. ಸಾಲದ್ದಕ್ಕೆ, ಎ4 ಹಾಳೆಗೆ ಹೊಂದಿಸಿದ್ದ ಬರಹವನ್ನು ಅವರು ಅದಕ್ಕಿಂತ ಚಿಕ್ಕದಾದ, ಪುಸ್ತಕದ ಡೆಮಿ ಅಳತೆಗೆ ತಂದಿದ್ದರು. ಡಿ.ಟಿ.ಪಿ. ಮಾಡುತ್ತಿದ್ದ ಹುಡುಗ ಏನೂ ಹೇಳದೆ, ಮೇಲಿನ ಪಟ್ಟಿಯಲ್ಲಿದ್ದ ¶ ಗುಂಡಿಯನ್ನು ಒತ್ತಿದ. ಪುಟದ ತುಂಬ ಸಣ್ಣ ಚುಕ್ಕೆಗಳು ಎದ್ದವು.

"ನೋಡಿ ಮೇಡಂ, ಈ ಚುಕ್ಕೆಗಳೆಲ್ಲ ನೀವು ಒತ್ತಿರೋ ಸ್ಪೇಸು. ಟ್ಯಾಬ್ ಒಂದೂ ಇಲ್ಲ" ಎಂದ. ಸಾಲಿನ ನಿಗದಿತ ಜಾಗಕ್ಕೆ ಬರಹವನ್ನು ತಂದು ನಿಲ್ಲಿಸುವ ಟ್ಯಾಬ್ ಕೀಲಿಯ ಬದಲು, ನಾನು ಸ್ಪೇಸ್ ಒತ್ತಿ ಒತ್ತಿಯೇ ಅಂಕಣಗಳನ್ನು ಜೋಡಿಸಿದ್ದೆ.

ಫೈಲನ್ನು ಮನೆಗೆ ತಂದು ಒಂದು ಇಡೀ ಭಾನುವಾರ ಅದರ ಮುಂದೆ ಕುಳಿತೆ. ಕಂಟ್ರೋಲ್, ಶಿಫ್ಟ್ ಮತ್ತು 8 ಒಟ್ಟಿಗೆ ಒತ್ತಿದರೂ ಆ ಗುರುತುಗಳು ಕಾಣುತ್ತವೆ: ಸ್ಪೇಸಿಗೆ ಚುಕ್ಕೆ, ಟ್ಯಾಬಿಗೆ ಬಾಣ, ಎಂಟರ್ ಒತ್ತಿದಲ್ಲೆಲ್ಲ ¶. ಇವು ಅಚ್ಚಿನಲ್ಲಿ ಬರುವುದಿಲ್ಲ. ಹೊಸ ಪುಟ ಬೇಕಾದಲ್ಲೆಲ್ಲ ನಾನು ಎಂಟರ್ ಒತ್ತುತ್ತಾ ಹೋಗಿದ್ದೆ; ಅವುಗಳನ್ನು ತೆಗೆದು ಕಂಟ್ರೋಲ್ ಎಂಟರ್‌ನಿಂದ ಪುಟ ಮುರಿದೆ.

ನನಗೆ ಅತ್ಯಂತ ತೃಪ್ತಿ ಕೊಟ್ಟದ್ದು ಅಳತೆಪಟ್ಟಿ. ವ್ಯೂ ಪಟ್ಟಿಯಿಂದ ರೂಲರ್ ತರಿಸಿ, ಅದರ ಎಡತುದಿಯ ಚಿಕ್ಕ ಚೌಕವನ್ನು ಕ್ಲಿಕ್ ಮಾಡುತ್ತಾ ಹೋದರೆ ಡೆಸಿಮಲ್ ಟ್ಯಾಬ್ ಬರುತ್ತದೆ. ಅದನ್ನು ಪಟ್ಟಿಯ ಮೇಲೆ ಇಟ್ಟರೆ ಸಂಖ್ಯೆಗಳು ತಮ್ಮ ದಶಮಾಂಶ ಬಿಂದುವಿನ ಕೆಳಗೆ ಸಾಲಾಗಿ ನಿಲ್ಲುತ್ತವೆ. ಬೇಸಿಗೆಯ 80.35ರ ಬಿಂದುವಿನ ನೇರಕ್ಕೇ, ಕಟ್ಟೆ ತುಂಬಿದ ದಿನದ 124.80ರ ಬಿಂದುವೂ ಬಂದು ಕೂತಿತು. ಕೈಬರಹದಲ್ಲಿ ಅಪ್ಪ ಸ್ಕೇಲಿಟ್ಟು ಗೀಟು ಹಾಕಿಕೊಂಡು ಬರೆದಿದ್ದುದು ಹೀಗೆಯೇ. ಆಲ್ಟ್ ಕೀಲಿಯನ್ನು ಹಿಡಿದು ಟ್ಯಾಬನ್ನು ಎಳೆದರೆ ಅಳತೆ ಅಂಕಿಯಲ್ಲೇ ಕಾಣುತ್ತದೆ ಎಂಬುದು ಆ ದಿನವೇ ತಿಳಿಯಿತು. "124.80" ಸಾಲಿನ ಕೊನೆಯಲ್ಲಿ ಉಳಿದು "ಅಡಿ" ಕೆಳಗಿನ ಸಾಲಿಗೆ ಜಾರದಂತೆ, ಅವುಗಳ ನಡುವೆ ಕಂಟ್ರೋಲ್ ಶಿಫ್ಟ್ ಸ್ಪೇಸ್ ಒತ್ತಿದೆ, ಅಲ್ಲಿ ಚುಕ್ಕೆಗೆ ಬದಲು ಸಣ್ಣ ಸೊನ್ನೆ ಕಾಣುತ್ತದೆ.

ಸಂಜೆಯ ಹೊತ್ತಿಗೆ ಉಳಿದದ್ದು ಅನಗತ್ಯ ಖಾಲಿ ಸಾಲುಗಳು. ಎರಡು ¶ ಒಟ್ಟಿಗಿದ್ದಲ್ಲೆಲ್ಲ ಒಂದನ್ನು ತೆಗೆಯಲು ಹುಡುಕಿ ಬದಲಿಸುವ ಸೌಲಭ್ಯವಿದೆ. ಒಂದೇ ಬಾರಿಗೆ ಎಲ್ಲವನ್ನೂ ಬದಲಿಸುವ ಗುಂಡಿಯ ಮೇಲೆ ಬೆರಳಿಟ್ಟಿದ್ದೆ. ಆದರೆ ಪರದೆಯಲ್ಲಿ ಒಂದು ಕಡೆ ¶ ಗುರುತುಗಳು ಮಾತ್ರ ಒಂದರ ಕೆಳಗೊಂದು ಸಾಲುಗಟ್ಟಿ ನಿಂತಿದ್ದವು. ಎಣಿಸಿದೆ, 11. ನೋಟ್‌ಬುಕ್ ತೆಗೆದು ಆ ಪುಟ ನೋಡಿದೆ. ಅವು ಅಜ್ಜಿ ತೀರಿಕೊಂಡ ದಿನಗಳು. ಸೂತಕದ ಅಷ್ಟೂ ದಿನ ಅಪ್ಪ ಏನನ್ನೂ ಬರೆಯದೆ, ದಿನಕ್ಕೊಂದು ಸಾಲನ್ನು ಮಾತ್ರ ಬಿಟ್ಟಿದ್ದರು. ಟೈಪು ಮಾಡುವಾಗ ನಾನೂ ಹಾಗೆಯೇ ಬಿಟ್ಟು, ಆಮೇಲೆ ಮರೆತಿದ್ದೆ.

ಉಳಿದ ಖಾಲಿ ಸಾಲುಗಳನ್ನು ಒಂದೊಂದಾಗಿ ನೋಡಿಯೇ ಅಳಿಸಿದೆ. ಅಚ್ಚಾದ ಪುಸ್ತಕದಲ್ಲಿ ಆ ಜಾಗ ಹಾಗೆಯೇ ಇದೆ. ಅದರ ಕೆಳಗೆ ಹನ್ನೆರಡನೆಯ ದಿನದ ನೀರಿನ ಮಟ್ಟವಿದೆ.