ಮರದ ಟ್ರೇಗೆ ನೆನಪಿರಲಿಲ್ಲ

"ಇಲ್ಲೇ ಇದೆ, ನೋಡ್ಕೊಳ್ಳಿ ಸಾರ್" ಅಂತ ಕೌಂಟರಿನಲ್ಲಿದ್ದ ಸಹಾಯಕ ಮಾನಿಟರನ್ನು ಅರ್ಧ ಸುತ್ತು ತಿರುಗಿಸಿದ.

ಈ ಮಂಗಳವಾರ ಮಧ್ಯಾಹ್ನ, ಒಂದು ಡಿಗ್ರಿ ಕಾಲೇಜಿನ ಗ್ರಂಥಾಲಯ. ಎದುರಿಗಿದ್ದವರು ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳ ಅಪ್ಪ. ಕೇಳಿದ್ದು ಇಷ್ಟೇ: "ನಮ್ಮ ಹುಡುಗಿ ಇಲ್ಲಿಂದ ಏನೇನ್ ತಗೊಂಡ್ ಹೋಗ್ತಾಳೆ, ಒಂಚೂರು ಹೇಳ್ತೀರಾ?" ಎರಡು ಕ್ಲಿಕ್. ಎರಡೂವರೆ ವರ್ಷದ ಓದು ತಾರೀಖು ಸಮೇತ ಸಾಲಾಗಿ ಬಂತು. ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಒಂದೊಂದೇ ಸಾಲು ಇಳಿದರು. ಒಂದು ಕಡೆ ಬೆರಳು ನಿಂತಿತು. ಅದು ಯಾವ ಪುಸ್ತಕ ಅಂತ ಬರೆಯುವುದಿಲ್ಲ. ಬರೆದರೆ ನಾನೂ ಮಾನಿಟರ್ ತಿರುಗಿಸಿದ ಹಾಗೆ.

ಆ ಸಹಾಯಕನನ್ನು ಬೈಯಲು ಮನಸ್ಸಾಗುವುದಿಲ್ಲ. ಊಟಕ್ಕೆ ಹೊರಟವನು ಹುಡುಗರು ಕೇಳಿದರೆಂದು ವಾಪಸ್ ಬಂದು ಕಪಾಟು ತಡಕುವ ಪೈಕಿ. ಅಪ್ಪನೂ ದುಷ್ಟನಲ್ಲ, ಹೆದರಿದ ಮನುಷ್ಯ. ನನಗೆ ಸಿಟ್ಟು ಬಂದದ್ದು ಒಳಗಿನ ಕೋಣೆಯಿಂದ ಬಂದ ಉತ್ತರಕ್ಕೆ: "ಅದು ಸಾಫ್ಟ್‌ವೇರಲ್ಲೇ ಹಾಗೆ ಬರುತ್ತೆ, ನಾವೇನ್ ಮಾಡೋಕಾಗುತ್ತೆ?"

ಆಗುತ್ತದೆ. ಹಾಗೆ ಬರದಂತೆ ಮಾಡುವ ಎಲ್ಲ ಗುಂಡಿಗಳೂ ಅದೇ ಸಾಫ್ಟ್‌ವೇರಿನಲ್ಲಿವೆ. ಅಲ್ಲಿರುವುದು ಕೋಹಾ. ನ್ಯೂಜಿಲೆಂಡಿನ ಒಂದು ಸಣ್ಣ ಗ್ರಂಥಾಲಯ ಮಂಡಳಿಗಾಗಿ ಹುಟ್ಟಿ, 2000ದಲ್ಲಿ ಬಳಕೆಗೆ ಬಂದು, ಈಗ ನಮ್ಮ ಎಷ್ಟೋ ಕಾಲೇಜುಗಳಲ್ಲಿರುವ ಮುಕ್ತ ತಂತ್ರಾಂಶ. ಹೆಸರಿಗೆ ಮಾವೊರಿ ಭಾಷೆಯಲ್ಲಿ ಕಾಣಿಕೆ ಎಂಬ ಅರ್ಥ.

ಕಂಪ್ಯೂಟರಿಗೆ ಮೊದಲು ಇದೇ ಕೌಂಟರಿನಲ್ಲಿ ಏನಿತ್ತು, ನೆನಪಿಸಿಕೊಳ್ಳಿ. ಉದ್ದನೆಯ ಮರದ ಟ್ರೇ. ಪುಸ್ತಕದೊಳಗೆ ಒಂದು ಬುಕ್ ಕಾರ್ಡ್, ಓದುಗರ ಕೈಯಲ್ಲಿ ಚೀಲದಂಥ ಟಿಕೆಟ್. ಇಶ್ಯೂ ಮಾಡುವಾಗ ಕಾರ್ಡನ್ನು ಟಿಕೆಟ್ಟಿನೊಳಗೆ ತೂರಿಸಿ ತಾರೀಖಿನ ಹಿಂದೆ ನಿಲ್ಲಿಸುವುದು. ರಿಟರ್ನ್ ಬಂದಾಗ ಕಾರ್ಡ್ ಪುಸ್ತಕಕ್ಕೆ, ಟಿಕೆಟ್ ಓದುಗರ ಕೈಗೆ. ಯಾರು ಏನು ಓದಿದರೆಂಬ ಕುರುಹು ಆ ಕ್ಷಣಕ್ಕೇ ಮುಗಿಯಿತು. ಡ್ಯೂ ಸ್ಲಿಪ್ಪಿನಲ್ಲಿ ಉಳಿಯುವುದು ಬರೀ ತಾರೀಖು. ಅಮೆರಿಕದ ಗ್ರಂಥಪಾಲಕಿ ನೀನಾ ಬ್ರೌನ್ 1895ರಲ್ಲಿ ರೂಪಿಸಿದ್ದು ಈ ಪದ್ಧತಿ. ಬುಕ್ ಕಾರ್ಡಿನ ಮೇಲೇ ಸದಸ್ಯರ ಸಂಖ್ಯೆ ಬರೆದಿಡುತ್ತಿದ್ದ ನ್ಯೂಆರ್ಕ್ ಪದ್ಧತಿಯಲ್ಲಿ ಈ ಗುಣವಿರಲಿಲ್ಲ. ಬ್ರೌನ್ ಟ್ರೇ ಇದ್ದ ಕಾಲದಲ್ಲಿ ಈ ಅಪ್ಪ ಬಂದಿದ್ದರೆ ಮಗಳು ಅವತ್ತು ಇಟ್ಟುಕೊಂಡಿರುವ ಎರಡು ಪುಸ್ತಕ ಗೊತ್ತಾಗುತ್ತಿತ್ತು, ಅದೂ ಟ್ರೇ ಪೂರ್ತಿ ತಡಕಿದರೆ.

ಕೋಹಾದಲ್ಲಿ ರಿಟರ್ನ್ ಆದ ಸಾಲು ಅಳಿಯುವುದಿಲ್ಲ. 'ಇಶ್ಯೂಸ್' ಎಂಬ ಟೇಬಲ್ಲಿನಿಂದ, ಅಂದರೆ ದಾಖಲೆಪಟ್ಟಿಯಿಂದ, 'ಓಲ್ಡ್ ಇಶ್ಯೂಸ್' ಎಂಬುದಕ್ಕೆ ಎದ್ದು ಹೋಗುತ್ತದೆ, ಅಷ್ಟೇ. ಅಲ್ಲಿ ಸದಸ್ಯರ ಸಂಖ್ಯೆಯ ಜಾಗಕ್ಕೆ ಒಬ್ಬ ಅನಾಮಿಕ ಸದಸ್ಯನ ಸಂಖ್ಯೆ ಹಾಕಿಬಿಟ್ಟರೆ ಟ್ರೇ ಮಾಡುತ್ತಿದ್ದ ಕೆಲಸವೇ ಆಯಿತು. ಅದಕ್ಕೆ ಮೊದಲು ಬೇರೆಯದೇ ವರ್ಗದಲ್ಲಿ ಒಬ್ಬ ನಕಲಿ ಸದಸ್ಯನನ್ನು ಸೃಷ್ಟಿಸಿ, ಅವನ ಆಂತರಿಕ ಸಂಖ್ಯೆಯನ್ನು 'ಅನಾನಿಮಸ್ ಪೇಟ್ರನ್' ಎಂಬ ಸೆಟ್ಟಿಂಗಿನಲ್ಲಿ ಬರೆಯಬೇಕು. ಕಾರ್ಡಿನ ಸಂಖ್ಯೆಯಲ್ಲ, 'ಬಾರೋವರ್ ನಂಬರ್'. ಎಡವುವುದೇ ಇಲ್ಲಿ. ಇದನ್ನು ಖಾಲಿ ಬಿಟ್ಟು ವಿದ್ಯಾರ್ಥಿಗಳ ಪ್ರೈವಸಿಯನ್ನು 'ನೆವರ್', ಅಂದರೆ ಓದಿನ ಇತಿಹಾಸ ಇಡಲೇಬೇಡ ಅಂತ ಮಾಡಿದರೆ ಮರುದಿನ ರಿಟರ್ನ್ ತೆಗೆದುಕೊಳ್ಳಲು ಹೋದಾಗ ದೋಷ ಕಾಣಿಸಿಕೊಳ್ಳುತ್ತದೆ, ಕೌಂಟರಿನಲ್ಲಿ ಸಾಲು ಬೆಳೆಯುತ್ತದೆ. ಪ್ರೈವಸಿಯ ಸಹವಾಸವೇ ಬೇಡ ಅಂತ ಯಾರೋ ಎಲ್ಲವನ್ನೂ ಎಂದೆಂದಿಗೂ ಇಡುವ 'ಫಾರೆವರ್'ಗೆ ತಿರುಗಿಸುತ್ತಾರೆ. ಆಮೇಲೆ ಅದನ್ನು ಮುಟ್ಟುವವರಿಲ್ಲ.

'ಡಿಫಾಲ್ಟ್' ಎಂಬ ನಡುವಿನ ಆಯ್ಕೆಯೂ ಇದೆ. ಅದನ್ನಿಟ್ಟು, ಹಳೆಯ ಸಾಲುಗಳಿಂದ ಸದಸ್ಯರ ಗುರುತು ಕಳಚುವ 'ಬ್ಯಾಚ್ ಅನಾನಿಮೈಸ್' ಸ್ಕ್ರಿಪ್ಟನ್ನು, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ ದಿನವೂ ರಾತ್ರಿ ಓಡುವಂತೆ ಹಾಕಿ, ಎಷ್ಟು ದಿನಕ್ಕಿಂತ ಹಳೆಯದು ಅಳಿಯಬೇಕೆಂದು ಹೇಳಿದರಾಯಿತು. ನನ್ನ ಲೆಕ್ಕದಲ್ಲಿ 30 ದಿನ ಧಾರಾಳ. 'ಫಾರೆವರ್' ಆಯ್ಕೆಯವರನ್ನು ಈ ಸ್ಕ್ರಿಪ್ಟ್ ಮುಟ್ಟುವುದಿಲ್ಲ. ತಮ್ಮ ಪಟ್ಟಿ ತಮಗೇ ಬೇಕು ಅನ್ನುವವರು ಅದನ್ನು ಇಟ್ಟುಕೊಳ್ಳಲಿ.

"ಹಾಳೆ ಹರಿದಿದ್ದು ನಾಳೆ ಗೊತ್ತಾದರೆ ಯಾರನ್ನ ಹಿಡಿಯೋದು?" ಈ ಪ್ರಶ್ನೆ ಎಲ್ಲ ಕಡೆಯೂ ಬರುತ್ತದೆ, ನ್ಯಾಯವಾದದ್ದೇ. ಅದಕ್ಕೆ 'ಸ್ಟೋರ್ ಲಾಸ್ಟ್ ಬಾರೋವರ್' ಇದೆ. ಕೊನೆಗೆ ತಂದುಕೊಟ್ಟವರ ಗುರುತು ಮಾತ್ರ ಉಳಿಯುತ್ತದೆ. ಹರಿದ ಒಂದು ಹಾಳೆಗಾಗಿ ಸಾವಿರ ಹುಡುಗರ ಮೂರು ವರ್ಷದ ಓದನ್ನು ಕೂಡಿಡಬೇಕಾಗಿಲ್ಲ.

ಇಷ್ಟು ಮಾಡಿದ ಮೇಲೂ ಸೋರುವ ಜಾಗಗಳಿವೆ. 'ಸ್ಟ್ಯಾಟಿಸ್ಟಿಕ್ಸ್' ಟೇಬಲ್ಲಿನಲ್ಲಿ ಪ್ರತಿ ವಹಿವಾಟಿನ ಜೊತೆ ಸದಸ್ಯರ ಸಂಖ್ಯೆ ಇರುತ್ತದೆ. ಇಶ್ಯೂ ಲಾಗ್ ಆನ್ ಇದ್ದರೆ 'ಆಕ್ಷನ್ ಲಾಗ್ಸ್'ನಲ್ಲೂ. ಸ್ಕ್ರಿಪ್ಟ್ ಇವೆರಡನ್ನೂ ತೊಳೆಯುವುದಿಲ್ಲ. ಕಳೆದ ವರ್ಷದ ಬ್ಯಾಕಪ್ ಯಾರದೋ ಪೆನ್‌ಡ್ರೈವಿನಲ್ಲಿ ಇದ್ದೇ ಇರುತ್ತದೆ. ಇನ್ನು ಎಸ್ಸೆಮ್ಮೆಸ್ಸು. ಅಡ್ಮಿಷನ್ ಫಾರಂನಲ್ಲಿ ವಿದ್ಯಾರ್ಥಿಯ ನಂಬರ್ ಅಂತ ಬರೆದಿರುವುದು ಬಹಳ ಸಲ ಅಪ್ಪನದ್ದು. ಪುಸ್ತಕ ಇಶ್ಯೂ ಆದ ಕೂಡಲೇ ಹೆಸರಿನ ಸಮೇತ ಸಂದೇಶ ಅವರ ಜೇಬಿಗೇ ಹೋಗುತ್ತದೆ. ನೋಟಿಸ್ ಟೆಂಪ್ಲೇಟಿನಲ್ಲಿ 'ಬಿಬ್ಲಿಯೋ ಟೈಟಲ್' ಎಂಬ ಪದವನ್ನು ತೆಗೆದು ಬಾರ್‌ಕೋಡ್ ಸಂಖ್ಯೆ, ಕೊನೆಯ ದಿನಾಂಕ ಇಷ್ಟೇ ಹಾಕಬಹುದು. ಐದು ನಿಮಿಷದ ಕೆಲಸ. ಕಾಯ್ದಿರಿಸಿದ ಪುಸ್ತಕಕ್ಕೆ ರಬ್ಬರ್ ಬ್ಯಾಂಡಿನಲ್ಲಿ ಹೆಸರಿನ ಚೀಟಿ ಸಿಕ್ಕಿಸಿ ದಾರಿಯಲ್ಲೇ ಇಡುವ ಬದಲು ಕಾರ್ಡಿನ ಕೊನೆಯ ನಾಲ್ಕು ಅಂಕಿ ಬರೆದರೆ ಸಾಲದೇ?

ಆ ಕಾಲೇಜಿನವರು ಈಗ ಪುಸ್ತಕಕ್ಕೆ ಅಂಟಿಸಿದ ಟ್ಯಾಗನ್ನು ರೇಡಿಯೋ ತರಂಗದಿಂದ ಓದುವ ಆರ್‌ಎಫ್‌ಐಡಿ ಗೇಟಿಗೆ ಕೊಟೇಶನ್ ತರಿಸಿದ್ದಾರೆ. ಬರಲಿ, ಒಳ್ಳೆಯದೇ. 13.56 ಮೆಗಾಹರ್ಟ್ಸ್ ಟ್ಯಾಗಿನಲ್ಲಿ ಪುಸ್ತಕದ ಸಂಖ್ಯೆಯ ಹೊರತು ಹೆಸರು, ಓದುಗರ ವಿವರ ಏನೂ ಬೇಡ ಅಂತ ಕರಾರಿನಲ್ಲೇ ಬರೆಸಬೇಕು. ಸ್ವಯಂ ಇಶ್ಯೂ ಯಂತ್ರ ಸರ್ವರ್ ಜೊತೆ ಮಾತಾಡುವ ಎಸ್‌ಐಪಿ2 ಭಾಷೆಗೆ ಸ್ವಂತ ಗುಪ್ತಲಿಪಿ ಇಲ್ಲ. ಅದನ್ನು ಎನ್‌ಕ್ರಿಪ್ಟ್ ಆದ ಸುರಂಗದೊಳಗೆ ಹಾಯಿಸದಿದ್ದರೆ ಅದೇ ನೆಟ್‌ವರ್ಕಿನಲ್ಲಿ ಕೂತವನು ಯಾರು ಏನು ಒಯ್ದರೆಂದು ಓದಬಲ್ಲ. ಕೊಟೇಶನ್ ತಂದವರು ಇದನ್ನು ಹೇಳುವುದಿಲ್ಲ, ನಾವು ಕೇಳುವುದಿಲ್ಲ. ಗೇಟಿನ ಬಣ್ಣದ ಬಗ್ಗೆ ಮಾತ್ರ ಅರ್ಧ ಗಂಟೆ ಚರ್ಚೆ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ. ವೈಯಕ್ತಿಕ ದತ್ತಾಂಶಕ್ಕಾಗಿ 2023ರಲ್ಲಿ ಬಂದ ಕಾಯ್ದೆ 18 ತುಂಬದವರನ್ನಷ್ಟೇ ಮಕ್ಕಳು ಎನ್ನುತ್ತದೆ. ಕೊನೆಯ ವರ್ಷದ ಹುಡುಗಿ ಆ ಗೆರೆ ದಾಟಿದವಳು. ಆದರೆ ಇದನ್ನೆಲ್ಲ ಆ ಸಹಾಯಕನಿಗೆ ಹೇಳಿ ಏನು ಪ್ರಯೋಜನ? ಐವತ್ತು ದಾಟಿದ ಪೋಷಕರೊಬ್ಬರು ಕೌಂಟರಿಗೆ ಕೈಯೂರಿ "ನಾನು ಅವಳ ಅಪ್ಪ" ಅಂದಾಗ, ದಿನಗೂಲಿಯ ಇಪ್ಪತ್ತಾರರ ಹುಡುಗ ತೀರ್ಪು ಹಿಡಿದು ನಿಲ್ಲಬೇಕೆಂದರೆ ಅದು ಅವನ ಮೇಲೆ ಹೊರಿಸಿದ ಅನ್ಯಾಯ. "ಕೊಡಲ್ಲ" ಅನ್ನುವುದು ಅವನಿಂದಾಗದು. "ಸಿಸ್ಟಮಲ್ಲಿ ಬರಲ್ಲ ಸಾರ್" ಅನ್ನುವುದು ಸಲೀಸು, ಬರದ ಹಾಗೆ ಮೊದಲೇ ಮಾಡಿಟ್ಟಿದ್ದರೆ.

ಆ ಎರಡು ಕ್ಲಿಕ್ಕಿನಲ್ಲಿ ಎರಡನೆಯದನ್ನು ಇವತ್ತೇ ತೆಗೆದುಹಾಕಬಹುದು. ಸಿಬ್ಬಂದಿಗೆ ಓದಿನ ಇತಿಹಾಸ ಕಾಣಬೇಕೇ ಎಂಬ ಸೆಟ್ಟಿಂಗ್ ಇದೆ, ಅದನ್ನು 'ಡೋಂಟ್ ಅಲೌ' ಮಾಡಿದರೆ ಮೆನುವಿನಿಂದಲೇ ಆ ಸಾಲು ಹೋಗುತ್ತದೆ. ಒಳಗಿನ ದಾಖಲೆ ಹಾಗೇ ಇರುತ್ತದೆ, ನಿಜ. ಅದನ್ನು ತೊಳೆಯಲು ಒಂದು ರಾತ್ರಿ ಬೇಕು, ಬ್ಯಾಕಪ್ಪಿನ ಹಿಂದೆ ಅಲೆಯಲು ಒಂದು ವಾರ. ಮಂಗಳವಾರ ಅಪ್ಪ ಹೊರಟು ಹೋದ ಮೇಲೂ ಮಾನಿಟರ್ ಸರದಿಯಲ್ಲಿ ನಿಂತವರ ಕಡೆಗೇ ತಿರುಗಿತ್ತು. ಪುಸ್ತಕ ಹಿಡಿದು ನಿಂತಿದ್ದ ಮುಂದಿನ ಹುಡುಗ ಅದನ್ನು ಓದುತ್ತಿದ್ದ.