ದೂರದ ಜಾಗದಲ್ಲಿ ಮದುವೆ ಅಂದ್ರೆ ಮೊದಲು ಹೋಗಿ ನೋಡಿ ಬನ್ನಿ

ತಂಗಿ ತನ್ನ ಮದುವೆ ಕಡಲ ದಂಡೆಯಲ್ಲೇ ಆಗಬೇಕು ಅಂದಾಗ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಆದರೆ ಎರಡೂ ಮನೆಯವರಿಗೆ ಗೊತ್ತಿಲ್ಲದ ಜಾಗ. ವಿಮಾನ ಇಳಿದು ಮತ್ತೆ ಎರಡು ಗಂಟೆ ರಸ್ತೆ. ನೆಂಟರು, ಸ್ನೇಹಿತರು ಸೇರಿ ನೂರರ ಹತ್ತಿರ ಜನ. ಓಡಾಟದ ಜವಾಬ್ದಾರಿ ನನ್ನ ಪಾಲಿಗೆ ಬಂತು. ನಾನು ಅಲ್ಲಿಗೆ ಎರಡು ಸಲ ಹೋಗಿ ಬಂದೆ. ನಾಲ್ಕು ತಿಂಗಳು ಮೊದಲು ಜಾಗ ನೋಡೋಕೆ, ಆಮೇಲೆ ಮದುವೆಗೆ. ಆ ಮೊದಲನೇ ಪ್ರವಾಸ ಮಾಡದೇ ಇದ್ದಿದ್ದರೆ ಏನಾಗ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತೆ.

ಫೋಟೊ, ವಿಡಿಯೊ ಕಾಲ್ ನಂಬಿ ಮುಂಗಡ ಕೊಡಬೇಡಿ. ಖುದ್ದಾಗಿ ಹೋಗಿ. ಮದುವೆ ಎಷ್ಟು ಹೊತ್ತಿಗೋ ಅದೇ ಹೊತ್ತಿಗೆ ಆ ಜಾಗದಲ್ಲಿ ನಿಂತು ನೋಡಿ. ನಮ್ಮದು ಸಂಜೆ 5 ಗಂಟೆಗೆ ಅಂತ ನಿಶ್ಚಯವಾಗಿತ್ತು. ನಾನು, ಅಮ್ಮ, ತಂಗಿ ಸರಿಯಾಗಿ ಆ ಹೊತ್ತಿಗೇ ದಂಡೆಗೆ ಹೋದೆವು. ರೆಸಾರ್ಟಿನ ಮ್ಯಾನೇಜರ್ ವೇದಿಕೆ ಎಲ್ಲಿ, ಕುರ್ಚಿ ಎಲ್ಲಿ ಅಂತ ತೋರಿಸಿದರು. ನೀರು ಎಲ್ಲೋ ದೂರದಲ್ಲಿತ್ತು. ಮುಂದೆ ಉದ್ದಕ್ಕೂ ಗಟ್ಟಿ ಮರಳು. ತಂಗಿಗಂತೂ ಕಣ್ಣು ತುಂಬಿ ಬಂತು.

ಅಲ್ಲೇ ಒಬ್ಬರು ವಯಸ್ಸಾದವರು ಮರಳು ಗುಡಿಸುತ್ತಾ ಇದ್ದರು. ನಮ್ಮ ಮಾತು ಕೇಳಿಸಿಕೊಂಡು ಹತ್ತಿರ ಬಂದು, ‘ಅಕ್ಕಾ, ಮದುವೆ ಯಾವ ದಿನ?’ ಅಂತ ಕೇಳಿದರು. ಹುಣ್ಣಿಮೆ ದಿನ ಅಂದೆ. ಫೋಟೊದಲ್ಲಿ ಚಂದ್ರ ಬರಲಿ ಅಂತ ತಂಗಿಯೇ ಆರಿಸಿದ್ದ ದಿನ ಅದು. ಅವರು ಏನೂ ಹೇಳದೆ ನಮ್ಮನ್ನು ಮೇಲಕ್ಕೆ ಕರೆದುಕೊಂಡು ಹೋಗಿ, ಮರಳಿನ ಮೇಲೆ ಗೆರೆ ಎಳೆದ ಹಾಗೆ ಬಿದ್ದಿದ್ದ ಒಣ ಕಡ್ಡಿ, ಕಪ್ಪೆಚಿಪ್ಪಿನ ಚೂರುಗಳನ್ನು ತೋರಿಸಿದರು. ‘ಇದನ್ನು ಹುಣ್ಣಿಮೆ ನೀರು ತಂದು ಹಾಕಿದ್ದು. ಇಲ್ಲಿವರೆಗೂ ಬರುತ್ತೆ.’ ಮ್ಯಾನೇಜರ್ ತೋರಿಸಿದ ಜಾಗ ಆ ಗೆರೆಗಿಂತ ಹದಿನೈದು ಹೆಜ್ಜೆ ಕೆಳಗಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಕಡಲ ಪಕ್ಕ ಮದುವೆ ಮಾಡೋ ಎಷ್ಟೋ ಜನರಿಗೆ ಇದು ತಲೆಗೇ ಬರಲ್ಲ. ಹೆಚ್ಚಿನ ಕಡೆ ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ. ವಾರದಲ್ಲಿ ಅದು ಹತ್ತಿರ ಹತ್ತಿರ ಆರು ಗಂಟೆಯಾಗುತ್ತೆ. ಅಂದ್ರೆ ಈ ವಾರ ಸಂಜೆ 5ಕ್ಕೆ ಇಳಿತ ಇದ್ದರೆ ಮುಂದಿನ ವಾರ ಅದೇ ಹೊತ್ತಿಗೆ ಉಬ್ಬರ. ಜೊತೆಗೆ ಹುಣ್ಣಿಮೆ, ಅಮಾವಾಸ್ಯೆ ಹೊತ್ತಿಗೆ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿನಲ್ಲಿ ಬೀಳೋದರಿಂದ ನೀರು ಜಾಸ್ತಿ ಏರುತ್ತೆ. ನಾವು ನೋಡೋಕೆ ಹೋದದ್ದು ಅರ್ಧ ಚಂದ್ರನ ದಿನ. ನೀರಿನ ಏರಿಳಿತ ತೀರಾ ಕಡಿಮೆ ಇರೋ ಸಮಯ. ಸುಮ್ನೆ ಮೋಸ ಹೋಗ್ತಿದ್ವಿ, ಅಲ್ವಾ? ಬಂದರುಗಳಿಗೆ ವರ್ಷಕ್ಕೆ ಮೊದಲೇ ಉಬ್ಬರವಿಳಿತದ ಪಟ್ಟಿ ಇರುತ್ತೆ. ದಿನ ಗೊತ್ತು ಮಾಡೋ ಮುಂಚೆ ಹತ್ತಿರದ ಬಂದರಿನ ಪಟ್ಟಿ ನೋಡಿ. ದಂಡೆಯಲ್ಲಿ ಕೆಲಸ ಮಾಡೋರನ್ನೂ ಕೇಳಿ. ನಾವು ವೇದಿಕೆಯನ್ನು ಹಿಂದಿನ ಹುಲ್ಲುಹಾಸಿಗೆ ಹಾಕಿಸಿದೆವು.

ಅವತ್ತು ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಜನ ಕೂರುವ ಕಡೆ ಅಮ್ಮನನ್ನು ಕೂರಿಸಿ ನೋಡಿದೆ. ಅಮ್ಮ ಕೈ ಅಡ್ಡ ಇಟ್ಟುಕೊಂಡು ಕಣ್ಣು ಕಿರಿದು ಮಾಡಿ ಕೂತರು. ಇಳಿಯೋ ಸೂರ್ಯ ನೇರ ಮುಖಕ್ಕೆ. ವೇದಿಕೆಯ ಹಿಂದೆ ಸೂರ್ಯ ಮುಳುಗಬೇಕು ಅನ್ನೋದು ಫೋಟೊಗೆ ಚೆಂದ, ಮುಕ್ಕಾಲು ಗಂಟೆ ಕೂರೋರಿಗೆ ಹಿಂಸೆ. ವೇದಿಕೆಯನ್ನು ಪಕ್ಕಕ್ಕೆ ತಿರುಗಿಸಿದೆವು, ಬಿಸಿಲು ಓರೆಯಾಗಿ ಬೀಳೋ ಹಾಗೆ. ಸೂರ್ಯ ಮುಳುಗುವಾಗ ಮದುಮಕ್ಕಳನ್ನು ಮಾತ್ರ ದಂಡೆಗೆ ಕರೆದುಕೊಂಡು ಹೋಗಿ ಫೋಟೊ ತೆಗೆಸಿದರೆ ಸಾಕು.

ಗಾಳಿಯ ಲೆಕ್ಕವೂ ಇದೆ. ಹಗಲು ನೆಲ ಬೇಗ ಕಾಯುತ್ತೆ, ಕಡಲು ನಿಧಾನ. ಅದಕ್ಕೇ ಮಧ್ಯಾಹ್ನದ ಮೇಲೆ ಕಡಲಿಂದ ನೆಲದ ಕಡೆ ಗಾಳಿ ಜೋರು. ಮೈಕಿಗೆ ಸ್ಪಂಜಿನ ಟೋಪಿ ಹಾಕದಿದ್ದರೆ ಕೇಳಿಸೋದು ಬರೀ ಬುಸಬುಸ ಸದ್ದು. ಹೂವಿನ ಕಂಬಗಳ ಬುಡಕ್ಕೆ ಮರಳಿನ ಚೀಲ ಇಡಿಸಿ.

ಕರಾರು ಪತ್ರ ಸಹಿ ಮಾಡೋ ಮುಂಚೆ ಇಬ್ಬರು ಓದಬೇಕು, ಒಬ್ಬರಲ್ಲ. ನಾವು 40 ರೂಮ್ ಹಿಡಿದಿಟ್ಟಿದ್ದೆವು. ಅದರಲ್ಲಿ ಶೇಕಡಾ 80ರಷ್ಟು ತುಂಬದಿದ್ದರೆ ಉಳಿದಿದ್ದಕ್ಕೂ ದುಡ್ಡು ಕಟ್ಟಬೇಕು ಅನ್ನೋ ಸಾಲು ನಾಲ್ಕನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿತ್ತು. ಅಪ್ಪ ಅದನ್ನು ಹಿಡಿದರು. ಆಮೇಲೆ ಬರೋದು ಖಚಿತ ಅಂದವರ ಹೆಸರು ಮಾತ್ರ ಎಣಿಸಿದೆವು. ‘ನೋಡೋಣ’ ಅಂದವರನ್ನು ಬೇರೆ ಪಟ್ಟಿಯಲ್ಲಿ ಇಟ್ಟೆವು. ಕೊನೆಗೆ 34 ರೂಮ್ ತುಂಬಿತು. ರೂಮ್ ವಾಪಸ್ ಕೊಡೋಕೆ ಕೊನೇ ದಿನ ಯಾವುದು, ಮಳೆ ಬಂದರೆ ಒಳಗಿನ ಹಾಲ್ ನಮಗೇ ಮೀಸಲಾ ಅಥವಾ ಬೇರೆಯವರಿಗೂ ಕೊಡ್ತಾರಾ, ಹಾಡು ಎಷ್ಟು ಗಂಟೆಗೆ ನಿಲ್ಲಿಸಬೇಕು, ಕರೆಂಟ್ ಹೋದರೆ ಜನರೇಟರ್ ದೀಪಕ್ಕೆ ಮಾತ್ರಾನಾ ಅಥವಾ ಎಸಿಗೂ ಇದೆಯಾ, ಇವೆಲ್ಲ ಬರವಣಿಗೆಯಲ್ಲೇ ಇರಲಿ. ಬಾಯಿ ಮಾತು ಬೇಡ.

ಹೊರದೇಶದಲ್ಲಿ ಮಾಡೋರು ಇನ್ನೂ ಮೊದಲೇ ಶುರು ಮಾಡಬೇಕು. ಕಾರ್ಯಕ್ರಮ ಬೇರೆ, ಕಾನೂನಿನ ಪ್ರಕಾರ ಮದುವೆ ಬೇರೆ. ಅಮೆರಿಕದ ಲಾಸ್ ವೇಗಸ್‌ನಲ್ಲಿ ಮದುವೆ ಲೈಸೆನ್ಸ್ ಕಚೇರಿ ದಿನಾ ಬೆಳಿಗ್ಗೆ 8ರಿಂದ ನಡುರಾತ್ರಿವರೆಗೆ ತೆರೆದಿರುತ್ತೆ, ಕಾಯೋ ಅವಧಿಯೇ ಇಲ್ಲ. ಸ್ಕಾಟ್ಲೆಂಡಿನಲ್ಲಿ ಹಾಗಲ್ಲ, ಕಡೇಪಕ್ಷ 29 ದಿನ ಮೊದಲು ನೋಟಿಸ್ ಅರ್ಜಿ ಕಚೇರಿಗೆ ತಲುಪಿರಬೇಕು. ಎಷ್ಟೋ ಜೋಡಿಗಳು ನೋಂದಣಿಯನ್ನು ತಮ್ಮ ದೇಶದಲ್ಲೇ ಮುಗಿಸಿ, ಅಲ್ಲಿ ಹೋಗಿ ಕಾರ್ಯಕ್ರಮ ಮಾತ್ರ ಮಾಡ್ತಾರೆ. ನನ್ನ ಕೇಳಿದರೆ ಅದೇ ಸುಲಭ. ಅಲ್ಲೇ ನೋಂದಣಿ ಮಾಡಿಸೋದಾದ್ರೆ ಪ್ರಮಾಣಪತ್ರಕ್ಕೆ ಅಪೊಸ್ಟೀಲ್, ಅಂದ್ರೆ ದಾಖಲೆ ಅಸಲಿ ಅಂತ ಬೇರೆ ದೇಶಗಳಿಗೆ ದೃಢಪಡಿಸೋ ಸರ್ಕಾರಿ ಮುದ್ರೆ, ಹಾಕಿಸಿಕೊಂಡೇ ಹೊರಡಿ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ಆ ಮುದ್ರೆ ನಡೆಯುತ್ತೆ. ನೆಂಟರ ಪಾಸ್‌ಪೋರ್ಟ್ ಅವಧಿ ನೋಡೋದನ್ನು ಮರೆಯಬೇಡಿ. ತುಂಬಾ ದೇಶಗಳು ಇನ್ನೂ ಆರು ತಿಂಗಳು ಬಾಕಿ ಇರಬೇಕು ಅಂತ ಕೇಳ್ತವೆ.

ಈಗ ಹೊರಡೋ ವಿಚಾರ. ಮದುಮಕ್ಕಳು, ಅಪ್ಪ ಅಮ್ಮಂದಿರು ಎರಡು ದಿನ ಮೊದಲೇ ಅಲ್ಲಿರಬೇಕು. ಉಳಿದವರು ಹಿಂದಿನ ದಿನವಾದರೂ ಬಂದಿರಲಿ. ಮದುವೆ ದಿನ ಬೆಳಿಗ್ಗೆ ಇಳೀತೀವಿ ಅಂದವರಿಗೆ ನಾನು ಮುಲಾಜಿಲ್ಲದೆ ಬೇಡ ಅಂದೆ. ಮದುಮಕ್ಕಳ ಬಟ್ಟೆ, ಉಂಗುರ, ಒಡವೆ, ಎಲ್ಲರ ಮಾತ್ರೆ ಔಷಧಿ ಕೈಚೀಲದಲ್ಲೇ ಇರಬೇಕು. ವರನ ಚಿಕ್ಕಮ್ಮನ ಸೂಟ್‌ಕೇಸ್ ಬೇರೆ ಊರಿಗೆ ಹೋಗಿ ಮರುದಿನ ರಾತ್ರಿ ಸಿಕ್ಕಿತು. ಪಾಪ, ಅವರು ಮದುವೆಗೆ ನನ್ನ ಅಮ್ಮನ ಸೀರೆ ಉಟ್ಟರು. ಅವರ ಮುಖ ನೋಡಿ ನನಗೆ ಸಂಕಟ ಆಯಿತು. ಮದುವೆಗೆ ಉಡೋ ಒಂದು ಜೊತೆ ಬಟ್ಟೆ ಕೈಯಲ್ಲೇ ಇರಲಿ ಅಂತ ಎಲ್ಲರಿಗೂ ಮೊದಲೇ ಹೇಳಬೇಕಿತ್ತು, ನಾನು ಹೇಳಿರಲಿಲ್ಲ. ನೀವು ಹೇಳಿ. ಫೋಟೊದವರಿಗೂ ಒಂದು ಮಾತು: ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಚೆಕ್-ಇನ್ ಸಾಮಾನಿನಲ್ಲಿ ಹಾಕೋ ಹಾಗಿಲ್ಲ. 100 ವ್ಯಾಟ್-ಅವರ್ ದಾಟಿದ ಬ್ಯಾಟರಿಗೆ ಏರ್‌ಲೈನಿನ ಒಪ್ಪಿಗೆ ಬೇಕು.

ವಾಹನಕ್ಕೆ ನಾನು ಮಾಡಿದ್ದು ಇಷ್ಟೇ. ಎಲ್ಲರ ವಿಮಾನದ ಸಮಯ ಒಂದು ಹಾಳೆಯಲ್ಲಿ ಬರೆದು, ಎರಡು ಗಂಟೆಯೊಳಗೆ ಇಳಿಯೋರನ್ನು ಒಂದು ಗಾಡಿಗೆ ಸೇರಿಸಿದೆ. ಪ್ರತಿ ಗಾಡಿಗೂ ಒಬ್ಬರನ್ನು ಮುಖ್ಯಸ್ಥರನ್ನಾಗಿ ಮಾಡಿದೆ. ಡ್ರೈವರ್ ನಂಬರ್ ಅವರ ಹತ್ತಿರ, ಅವರ ನಂಬರ್ ನನ್ನ ಹತ್ತಿರ. ನೂರು ಜನ ನನಗೇ ಫೋನ್ ಮಾಡೋದು ತಪ್ಪಿತು.

ನಮ್ಮ ಸೋದರತ್ತೆ ಗಾಲಿಕುರ್ಚಿಯಲ್ಲಿ ಇರೋದು. ಮರಳಿಗೆ ಇಳಿಸಿದ ಕೂಡಲೇ ಮುಂದಿನ ಚಿಕ್ಕ ಚಕ್ರಗಳು ಹೂತು ಹೋಗ್ತವೆ ಅಂತ ಮೊದಲ ಪ್ರವಾಸದಲ್ಲೇ ರೆಸಾರ್ಟಿನ ಕುರ್ಚಿ ತಳ್ಳಿ ನೋಡಿದ್ದೆ. ವೇದಿಕೆ ಮೇಲಕ್ಕೆ ಬಂದರೂ ದಾರಿಯಲ್ಲಿ ಸ್ವಲ್ಪ ಮರಳು ಇತ್ತು. ಅಲ್ಲಿಗೆ ಪ್ಲೈವುಡ್ ಹಲಗೆ ಸಾಲಾಗಿ ಹಾಕಿಸಿ ಮೇಲೆ ಚಾಪೆ ಹಾಸಿದೆವು. ಅತ್ತೆಗೆ ಅಂತ ಮಾಡಿದ ದಾರಿಯಲ್ಲಿ ಅರ್ಧ ಮದುವೆ ಮನೆ ನಡೆಯಿತು, ಹಿಮ್ಮಡಿ ಎತ್ತರದ ಚಪ್ಪಲಿ ಹಾಕಿದವರು, ಮಗು ಎತ್ತಿಕೊಂಡವರು, ಎಲ್ಲರೂ. ವಯಸ್ಸಾದವರಿಗೆ ನೆಲಮಹಡಿ ರೂಮು, ಹತ್ತಿರದಲ್ಲೇ ಶೌಚಾಲಯ, ಆಸ್ಪತ್ರೆ ಎಷ್ಟು ದೂರ ಅನ್ನೋದು, ಇವುಗಳನ್ನು ಹೂವಿನ ಅಲಂಕಾರಕ್ಕಿಂತ ಮೊದಲು ನೋಡಿ.

ಮದುವೆ ಸಂಜೆ 6ರ ಹೊತ್ತಿಗೆ ನಾನು ಹುಲ್ಲುಹಾಸಿನ ಅಂಚಿಗೆ ಹೋಗಿ ನಿಂತೆ. ಮ್ಯಾನೇಜರ್ ಮೊದಲು ತೋರಿಸಿದ್ದ ಜಾಗದಲ್ಲಿ ಮೊಣಕಾಲುದ್ದ ನೀರು. ಅಲೆ ಬಂದು ಕಡ್ಡಿಗಳ ಗೆರೆ ಮುಟ್ಟಿ ವಾಪಸ್ ಹೋಗ್ತಾ ಇತ್ತು. ಮರಳು ಗುಡಿಸೋ ಆ ಹಿರಿಯರೂ ಅಲ್ಲೇ ನಿಂತಿದ್ದರು. ಕರೆದುಕೊಂಡು ಹೋಗಿ ಮನೆಯವರ ಸಾಲಿನಲ್ಲಿ ಕೂರಿಸಿ ಊಟ ಬಡಿಸಿದೆವು.

ಮರುದಿನ ಎಲ್ಲರೂ ಒಟ್ಟಿಗೆ ಹೊರಡ್ತಾರೆ, ಆಗಲೇ ಗಡಿಬಿಡಿ. ಮನೆಯವರೊಬ್ಬರು ಕೊನೆಯ ಗಾಡಿ ಹೋಗೋವರೆಗೂ ಅಲ್ಲೇ ಉಳಿದು ಲೆಕ್ಕ ನೋಡಲಿ. ನಮ್ಮಲ್ಲಿ ಅಪ್ಪ ಉಳಿದರು. ಎರಡು ರೂಮಿನ ಬಾಡಿಗೆ ಎರಡೆರಡು ಸಲ ಬಿಲ್ಲಿನಲ್ಲಿ ಬಂದಿತ್ತು, ಅಲ್ಲೇ ತಿದ್ದಿಸಿಕೊಂಡು ಸಂಜೆ ವಿಮಾನಕ್ಕೆ ಹೊರಟರು.